ಲಿಫ್ಟಣ್ಣನ ಮನೆಗೆ ಕಣ್ಣು ಬಂದದ್ದು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಕೇಳಿದರೆ ಪಕ್ಕದ ಮನೆಯವರೂ ತಲೆ ಕೆರೆದುಕೊಳ್ಳುತ್ತಾರೆ. 'ಲಿಫ್ಟಣ್ಣ' ಅನ್ನಿ, ಆಡುತ್ತಿರುವ ಮಗು ಕೂಡ ನಿಮ್ಮನ್ನು ಅವನ ಬಾಗಿಲಿಗೆ ತಂದು ಬಿಡುತ್ತದೆ. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ಕೆಟ್ಟು ನಿಂತರೆ ಅದನ್ನು ಮತ್ತೆ ಓಡುವಂತೆ ಮಾಡುವುದು ಅವನ ಕಸುಬು. ಮೀಸೆ ಚಿಗುರುವ ಕಾಲಕ್ಕೆ ಹಿಡಿದ ಸ್ಪ್ಯಾನರು, ಮೀಸೆ ಬೆಳ್ಳಗಾದರೂ ಕೈಬಿಟ್ಟಿಲ್ಲ. ಆಳು ಒರಟು, ಮಾತು ಕಡಿಮೆ. ಮನೆಯ ಮಾತೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು, ಅವಳು ಅದನ್ನು ಒಂದು ಚೂರೂ ಪೋಲು ಮಾಡದೆ ಬಳಸುತ್ತಿದ್ದಳು.

ಅವಳು ಬಟ್ಟೆ ಹೊಲಿಯುತ್ತಿದ್ದಳು. ಮುಂದಿನ ಕೋಣೆಯೇ ಅಂಗಡಿ. ಅಳತೆ ತೆಗೆಯುವಾಗ ಯಾರಾದರೂ ಉಸಿರು ಬಿಗಿಹಿಡಿದು ನಿಂತರೆ, "ಹೊಟ್ಟೆ ಒಳಗೆ ಎಳ್ಕೋಬೇಡ ಕಣೇ, ಬಟ್ಟೆ ಹಾಕ್ಕೊಂಡ್ಮೇಲೆ ಉಸಿರು ಬಿಡ್ಬೇಕಲ್ಲ!" ಅನ್ನುವಳು. ಗಂಡನನ್ನೂ ಬಿಡುತ್ತಿರಲಿಲ್ಲ. "ಊರೋರನ್ನೆಲ್ಲ ಮೇಲಕ್ಕೆ ಹತ್ತಿಸ್ತಾರೆ, ನಾವು ಮಾತ್ರ ನೆಲದ ಮೇಲೇ ಇದೀವಿ" ಎಂದು ಬಂದವರ ಮುಂದೆಲ್ಲ ಹೇಳಿ ನಗುವಳು. ಅವನು ಮೀಸೆಯಡಿಯಲ್ಲಿ ನಕ್ಕು ಸುಮ್ಮನಾಗುವನು. ಮಕ್ಕಳಾಗಲಿಲ್ಲ. ಅದನ್ನು ಕೊರಗಿ ಕೊರಗಿ ಮುಗಿಸಿ, ಇಬ್ಬರೂ ಒಬ್ಬರಿಗೊಬ್ಬರು ಸಾಕು ಅನ್ನುವಷ್ಟಕ್ಕೆ ಬಂದಿದ್ದರು.

ಹೀಗಿರುವಾಗ ಒಂದು ಬೆಳಗ್ಗೆ ಬಟ್ಟೆ ಕತ್ತರಿಸುತ್ತಿದ್ದವಳ ಕೈಯಿಂದ ಕತ್ತರಿ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವಳು ತಾನೂ ಬಿದ್ದಳು. ಲಕ್ವ. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಒಂದೆರಡು ಪದ ಮಾತ್ರ ತೊದಲುತ್ತ ವಾಪಸ್ಸು ಬಂದಿದ್ದವು. ಅಲ್ಲ ಸ್ವಾಮಿ, ದೇವರಿಗೆ ಕಿತ್ತುಕೊಳ್ಳಲೇಬೇಕಿದ್ದರೆ ಅವನ ಮಾತು ಕಿತ್ತುಕೊಳ್ಳಬಹುದಿತ್ತು, ಅವನಿಗೆ ಅದರ ಉಪಯೋಗವೇ ಇರಲಿಲ್ಲ. ಹೋಗಿ ಹೋಗಿ ಅವಳ ಬಾಯಿಗೇ ಬೀಗ ಹಾಕಬೇಕಿತ್ತೇ?

ಅವಳ ತಮ್ಮನಿಗೆ ಮನೆ, ಆಫೀಸುಗಳಿಗೆ ಕಂಪ್ಯೂಟರ್ ಜೋಡಿಸುವ ಅಂಗಡಿ. ದೀಪ ತಾನಾಗಿ ಹತ್ತುವುದು, ಬಾಗಿಲು ತಾನಾಗಿ ಬೀಗ ಹಾಕಿಕೊಳ್ಳುವುದು, ಇಂಥವು. ಒಳ್ಳೆಯ ಹುಡುಗ, ಅಕ್ಕನೆಂದರೆ ಪ್ರಾಣ. ಅವನು ಬಂದು ಕೂತವನೇ ನೇರವಾಗಿ ವಿಷಯಕ್ಕೆ ಬಂದ.

"ಭಾವ, ಬೆಳಗ್ಗೆ ನೋಡ್ಕೊಳ್ಳೋ ಹೆಂಗಸು ಮಧ್ಯಾಹ್ನಕ್ಕೆ ಹೊರಟು ಹೋಗ್ತಾಳೆ. ನೀವು ಬರೋದು ಸಂಜೆ. ಅಲ್ಲೀತನಕ ಅಕ್ಕ ಒಬ್ಳೇ. ಏನಾದ್ರೂ ಆದ್ರೆ ಯಾರಿಗೆ ಗೊತ್ತಾಗತ್ತೆ? ನಮ್ಮನೆ ಹತ್ರ ಒಂದು ಆರೈಕೆ ಮನೆ ಇದೆ. ಚೆನ್ನಾಗಿ ನೋಡ್ಕೋತಾರೆ."

ಲಿಫ್ಟಣ್ಣ ಹೆಂಡತಿಯ ಕಡೆ ನೋಡಿದ. ಅವಳು ಎಡಗೈಯಿಂದ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು, "ಇಲ್ಲೇ" ಅಂದಳು. ಒಂದು ಸಲವಲ್ಲ, ತಮ್ಮ ತಲೆ ಆಡಿಸುವ ತನಕ ಅದೊಂದೇ ಪದ ಹೇಳುತ್ತಲೇ ಇದ್ದಳು. "ಇಲ್ಲೇ. ಇಲ್ಲೇ."

ಕೊನೆಗೆ ಮೂವರೂ ಒಂದು ಒಪ್ಪಂದಕ್ಕೆ ಬಂದರು. ಮನೆಗೇ ಕಣ್ಣು ಕೂರಿಸೋಣ, ಅದು ಅವಳನ್ನು ಕಾಯಲಿ. ಸರಿಹೋದರೆ ಇಲ್ಲೇ ಇರಲಿ, ಸರಿಹೋಗದಿದ್ದರೆ ಆರೈಕೆ ಮನೆ.

ತಮ್ಮ ಮೊದಲು ಕ್ಯಾಮೆರಾ ತಂದ. ಅವಳು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡು ಮಲಗಿಬಿಟ್ಟಳು. ಬೀದಿಯ ಹೆಂಗಸರ ಬಟ್ಟೆಯ ಅಂದ ಚೆಂದ ತಿದ್ದಿದವಳು, ಬಾಯಿ ವಾರೆಯಾಗಿ ಬಿದ್ದಿರುವ ತನ್ನನ್ನು ಫೋನಿನಲ್ಲಿ ಯಾರೂ ನೋಡಕೂಡದು ಎಂದರೆ ತಪ್ಪೇನು? ಕ್ಯಾಮೆರಾ ವಾಪಸ್ಸು ಡಬ್ಬಿ ಸೇರಿತು. ಅದರ ಬದಲು ಗೋಡೆಯ ಮೂಲೆಗೆ ಒಂದು ಪುಟ್ಟ ಬಿಳಿ ಸೆನ್ಸರ್ ಬಂತು. ಅದಕ್ಕೆ ಮುಖ ಕಾಣುವುದಿಲ್ಲ, ಬೆಚ್ಚಗಿರುವ ಯಾವುದಾದರೂ ಅಲುಗಿದರೆ ಮಾತ್ರ ಗೊತ್ತಾಗುತ್ತದೆ. ಬೀರುವಿನ ಮೇಲೆ ಕೂತ ಸಣ್ಣ ಕಂಪ್ಯೂಟರ್ ಪೆಟ್ಟಿಗೆ ಆ ಸುದ್ದಿಯನ್ನು ಇಬ್ಬರ ಫೋನಿಗೂ ಕಳಿಸುತ್ತದೆ. ಬಹಳ ಹೊತ್ತು ಏನೂ ಅಲುಗದಿದ್ದರೆ ಎರಡೂ ಫೋನು ಬಡಿದುಕೊಳ್ಳುತ್ತವೆ. ಮಂಚದ ಸರಳಿಗೆ ಒತ್ತುವ ಬಟನ್ ಒಂದನ್ನೂ ಕಟ್ಟಿದರು, ಏನಾದರೂ ಬೇಕಾದರೆ ಕರೆಯಲಿ ಎಂದು. ಅವಳು ಅದನ್ನು ಒಮ್ಮೆಯೂ ಮುಟ್ಟಲಿಲ್ಲ. ಮುಟ್ಟಿದರೆ ತಾನು ಸೋತೆ ಎಂದು ಒಪ್ಪಿಕೊಂಡ ಹಾಗೆ ಎಂದು ಅವಳ ಲೆಕ್ಕ.

ತಮ್ಮ ಹೋಗುವ ಮುಂಚೆ ಕೋಣೆಯಲ್ಲಿ ಅತ್ತಿತ್ತ ನಡೆದು ತೋರಿಸಿದ. ಫೋನು 'ಕೋಣೆಯಲ್ಲಿ ಚಲನೆ ಇದೆ' ಎಂದಿತು. ಎಲ್ಲರಿಗೂ ಖುಷಿಯೋ ಖುಷಿ.

ನಡೆದಾಡುವವನನ್ನು ಗುರುತಿಸುವುದು ಯಾವ ದೊಡ್ಡ ವಿದ್ಯೆ, ಹೇಳಿ! ಮಲಗಿದ್ದವಳನ್ನು ಗುರುತಿಸಬೇಕಲ್ಲ. ಮರುದಿನ ಮಧ್ಯಾಹ್ನವೇ ಫೋನು ಬಡಿದುಕೊಂಡಿತು. ಲಿಫ್ಟಣ್ಣ ಅರ್ಧ ಬಿಚ್ಚಿದ ಕೆಲಸ ಬಿಟ್ಟು ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಬಾಗಿಲು ತೆಗೆದರೆ ಫ್ಯಾನು ನಿಂತಿದೆ, ದೀಪ ಆರಿದೆ, ಅವಳು ಬೆವರು ಸುರಿಸುತ್ತ ಸೂರು ನೋಡುತ್ತಿದ್ದಾಳೆ. ಮನೆ ಖಾಲಿ ಎಂದು ಯಂತ್ರ ತಾನೇ ತೀರ್ಮಾನಿಸಿ ಎಲ್ಲವನ್ನೂ ಆರಿಸಿತ್ತು. ತಮ್ಮನೂ ಏದುಸಿರು ಬಿಡುತ್ತ ಬಂದ. ಆಫೀಸುಗಳಿಗೆ ಬರೆದ ನಿಯಮ ಹಾಗೇ ಉಳಿದುಬಿಟ್ಟಿದೆ ಎಂದು ತಲೆ ಚಚ್ಚಿಕೊಂಡು, ಫ್ಯಾನು ದೀಪ ಆರದ ಹಾಗೆ ಸರಿಮಾಡಿದ. ಅದೇನೋ ಸರಿಹೋಯಿತು. ಕರೆ ಮಾತ್ರ ನಿಲ್ಲಲಿಲ್ಲ. ಅವಳು ನಿದ್ದೆ ಹೋದರೆ ಕರೆ. ಎಚ್ಚರವಿದ್ದು ಸುಮ್ಮನಿದ್ದರೂ ಕರೆ.

"ಆಗಾಗ ಎಡಗೈ ಎತ್ತಿ ಆಡಿಸೇ" ಎಂದ ಲಿಫ್ಟಣ್ಣ.

ಅವಳು ಬಸ್ಸಿಗೆ ಕೈ ತೋರಿಸುವವಳ ಹಾಗೆ ಗೋಡೆಗೆ ಕೈ ಬೀಸಿ ನಕ್ಕಳು. ಒಂದೆರಡು ದಿನ ಬೀಸಿದಳು ಕೂಡ. ಆಮೇಲೆ ಆ ಕೈಯೂ ಸೋತಿತು.

ಕಟ್ಟಡದವರು ಲಿಫ್ಟಣ್ಣನ ಮೇಲೆ ರೇಗತೊಡಗಿದರು. "ಏನ್ರೀ ಇದು, ಲಿಫ್ಟ್ ಬಿಚ್ಚಿಟ್ಟು ಓಡಿ ಹೋಗ್ತೀರಲ್ಲ, ಮೆಟ್ಟಿಲು ಹತ್ತೋರು ಯಾರು, ನೀವಾ?" ತಮ್ಮನೂ ಅಂಗಡಿ ಬಿಟ್ಟು ಓಡಿ ಓಡಿ ಸುಸ್ತಾದ. ಒಂದು ಸಂಜೆ ಮೆಲ್ಲಗೆ, "ಭಾವ, ಇದು ಆಗೋಹೋಗೋ ಮಾತಲ್ಲ. ಇನ್ನೊಂದು ವಾರ ನೋಡೋಣ. ಆಮೇಲೆ ಆರೈಕೆ ಮನೆಯೇ" ಅಂದ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಇಲ್ಲಿ ಲಿಫ್ಟಿನವರ ಒಂದು ಅಭ್ಯಾಸ ಹೇಳಬೇಕು. ಲಿಫ್ಟಿನ ಬಾಗಿಲು ಸರಿಯಾಗಿ ಮುಚ್ಚಿದೆ ಎಂದು ಸೆನ್ಸರ್ ಹೇಳದೆ ಲಿಫ್ಟು ಮಿಸುಕುವುದಿಲ್ಲ. ರಿಪೇರಿ ಮಾಡುವಾಗ ಅದನ್ನು ಓಡಿಸಿ ನೋಡಬೇಕಾದರೆ, ಆ ಜಾಗಕ್ಕೆ ಒಂದು ತುಂಡು ವೈರು ಸಿಕ್ಕಿಸುತ್ತಾರೆ. ಜಂಪರ್ ಅನ್ನುತ್ತಾರೆ ಅದಕ್ಕೆ. ಬಾಗಿಲು ತೆರೆದೇ ಇದ್ದರೂ ಯಂತ್ರ ಮುಚ್ಚಿದೆ ಎಂದು ನಂಬಿ ಓಡುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೇ ಹೊರಡಬೇಕು. ಒಮ್ಮೆ ಜೊತೆಯ ಕೆಲಸದವನೊಬ್ಬ ಅದನ್ನು ಬಿಟ್ಟುಹೋದಾಗ ಲಿಫ್ಟಣ್ಣ ಅವನ ಕೊರಳಪಟ್ಟಿ ಹಿಡಿದು, "ಜನ ಸಾಯ್ತಾರೋ ಮುಟ್ಠಾಳ!" ಎಂದು ಕೂಗಾಡಿದ್ದ. ಅವನು ಗಂಟಲೆತ್ತಿ ಕೂಗಿದ್ದು ಅದೊಂದೇ ಸಲ.

ಅದೇ ಮನುಷ್ಯ ಈಗ ಮನೆಯ ಟೇಬಲ್ ಫ್ಯಾನನ್ನು ಸ್ಟೂಲಿನ ಮೇಲಿಟ್ಟ. ಅದರ ಜಾಲರಿಗೆ ಅವಳ ಹೊಲಿಗೆಯ ಮೂಟೆಯಿಂದ ತೆಗೆದ ಬಟ್ಟೆಯ ಪಟ್ಟಿಯೊಂದನ್ನು ಕಟ್ಟಿದ. ಬರೀ ಬಟ್ಟೆಗೆ ಸೆನ್ಸರ್ ಮೋಸಹೋಗಲಿಲ್ಲ. ಹಳೆಯ ಕಾಲದ, ಮುಟ್ಟಿದರೆ ಕೈ ಸುಡುವ ಬಲ್ಬೊಂದನ್ನು ಹಿಂದೆ ಉರಿಸಿದ. ಬಿಸಿ ಬಲ್ಬಿನ ಮುಂದೆ ಬಟ್ಟೆ ಹಾರಾಡಿತು, ಫೋನು 'ಕೋಣೆಯಲ್ಲಿ ಚಲನೆ ಇದೆ' ಎಂದಿತು. ಎಂದಿತು, ಎನ್ನುತ್ತಲೇ ಇತ್ತು.

ಮಲಗಿದಲ್ಲಿಂದಲೇ ಎಲ್ಲ ನೋಡುತ್ತಿದ್ದ ಅವಳು, "ಬದ್ಲಿ... ನಾನು" ಅಂದಳು. ತನ್ನ ಬದಲಿಗೆ ಬಂದವಳು ಇವಳು ಎಂದು. ಇಬ್ಬರೂ ನಕ್ಕರು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಆಮೇಲೆ ಕರೆಗಳು ನಿಂತವು. ತಮ್ಮನಂತೂ ಹಿಗ್ಗಿ ಹೀರೇಕಾಯಿಯಾದ. "ನೋಡಿದ್ರಾ ಭಾವ, ಅಕ್ಕ ಕೈಕಾಲು ಆಡಿಸೋಕೆ ಶುರು ಮಾಡಿದಾಳೆ! ಮಧ್ಯಾಹ್ನವೆಲ್ಲ ಚಲನೆ. ಆರೈಕೆ ಮನೆಗೆ ಬೇಡ ಅಂತ ಹೇಳಿಬಿಟ್ಟೆ." ಲಿಫ್ಟಣ್ಣ ಹ್ಞೂಂ ಅಂದ. ಬೇರೆ ಏನು ತಾನೇ ಅಂದಾನು? ನಿಜ ಹೇಳಿದರೆ ಅವಳು ಹೋಗುತ್ತಾಳೆ. ಹೇಳದಿದ್ದರೆ ಅವಳನ್ನು ಕಾಯುವವರು ಯಾರೂ ಇಲ್ಲ. ಹಿಂದೆ ಹೆಜ್ಜೆಯಿಡಲೂ ಮುಂದೆ ಹೆಜ್ಜೆಯಿಡಲೂ ಜಾಗವಿರಲಿಲ್ಲ.

ಅದಕ್ಕಿಂತ ದೊಡ್ಡ ಹುಚ್ಚು ಕೇಳಿ. ಕಟ್ಟಡದ ಮೇಲಿನ ಮೋಟಾರು ಕೋಣೆಯಲ್ಲಿ ಗ್ರೀಸು ಕೈಯನ್ನು ಒರೆಸಿಕೊಂಡು ಅವನು ಗಳಿಗೆಗೊಮ್ಮೆ ಫೋನು ತೆಗೆದು ನೋಡುತ್ತಿದ್ದ. 'ಕೋಣೆಯಲ್ಲಿ ಚಲನೆ ಇದೆ.' ಅದು ಬಟ್ಟೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಓದಿದ ಕೂಡಲೇ ಎದೆಯ ಭಾರ ಇಳಿಯುತ್ತಿತ್ತು. ತಾನೇ ಕಟ್ಟಿದ ಸುಳ್ಳನ್ನು ತಾನೇ ನಂಬಿ ಮತ್ತೆ ಸ್ಪ್ಯಾನರು ಹಿಡಿಯುತ್ತಿದ್ದ.

ಆ ದಿನವೂ ಹಾಗೇ ನಂಬಿಕೊಂಡು ಸಂಜೆ ಮನೆಗೆ ಬಂದ. ಕೋಣೆಯಲ್ಲಿ ಬಟ್ಟೆ ಹಾರಾಡುತ್ತಿತ್ತು. ಮಂಚ ಬರಿದಾಗಿತ್ತು.

ಮಂಚಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಅವಳು ಬಿದ್ದಿದ್ದಳು. ಕೆನ್ನೆ ನೆಲಕ್ಕೆ ಅಂಟಿತ್ತು, ಎಡಗೈ ಮೈಯಡಿಗೆ ಸಿಕ್ಕಿಕೊಂಡಿತ್ತು, ಸೀರೆ ಮೂತ್ರದಿಂದ ಒದ್ದೆಯಾಗಿತ್ತು. ಬಟನ್ ಮಂಚದ ಸರಳಿಗೆ ಜೋತಾಡುತ್ತಿತ್ತು. ನೀರಿನ ಲೋಟಕ್ಕೆ ಕೈ ಚಾಚಿದ್ದಳು ಎಂದು ಕಾಣುತ್ತದೆ, ಲೋಟವೂ ಪಕ್ಕದಲ್ಲೇ ಉರುಳಿತ್ತು. ನೋಡಿಕೊಳ್ಳುವ ಹೆಂಗಸು ಹೋದ ಸ್ವಲ್ಪ ಹೊತ್ತಿಗೇ ಬಿದ್ದಿರಬೇಕು, ಚೆಲ್ಲಿದ ನೀರು ಆರಿ ಕಲೆಯಷ್ಟೇ ಉಳಿದಿತ್ತು. ಕಣ್ಣು ಬಿಟ್ಟಿದ್ದಳು. ಇಡೀ ಮಧ್ಯಾಹ್ನ ಅವಳು ಅಲ್ಲಿ ಬಿದ್ದುಕೊಂಡು, ಮೇಲೆ ತನ್ನ ಬದಲಿ ಪಟಪಟ ಹಾರಾಡುವುದನ್ನು ಕೇಳಿಸಿಕೊಂಡಿದ್ದಾಳೆ.

"ಅಯ್ಯೋ, ಏನಾಯ್ತೇ! ಎಷ್ಟೊತ್ತಾಯ್ತೇ!" ಎಂದು ಅವನು ಅವಳ ಕಂಕುಳಿಗೆ ಕೈ ಹಾಕಿ ಎಳೆದ. ಎತ್ತಲಾಗಲಿಲ್ಲ. ತಾನೂ ನೆಲದ ಮೇಲೆ ಕುಸಿದು, ಅವಳ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು, ಚಮಚದಲ್ಲಿ ನೀರು ಕುಡಿಸಿದ.

ಅಷ್ಟರಲ್ಲಿ ಫೋನು ಬಂತು. ತಮ್ಮ. "ಭಾವ, ಮನೆಗೆ ಬಂದ್ರಾ? ಇವತ್ತಂತೂ ಅಕ್ಕ ಒಂದು ಗಳಿಗೆನೂ ಸುಮ್ನಿಲ್ಲ ಕಣ್ರೀ. ನನಗೆ ಎಷ್ಟು ಸಂತೋಷ ಆಯ್ತು ಗೊತ್ತಾ?"

ಅವಳಿಗೂ ಕೇಳಿಸಿತು. ತೊಡೆಯ ಮೇಲಿದ್ದ ತಲೆ ಅತ್ತಿತ್ತ ಆಡಿತು. "ಬೇಡ" ಅಂದಳು. "ಹೇಳ್... ಬೇಡ."

ಅವನು ಅವಳ ಕೆನ್ನೆಯ ಮೇಲೆ ನೆಲದ ಗೆರೆ ಮೂಡಿದ್ದನ್ನು ನೋಡಿದ. ಫೋನಿಗೆ ಹೇಳಿದ: "ಅದು ಅವಳಲ್ಲ ಕಣಪ್ಪ. ಫ್ಯಾನಿಗೆ ಬಟ್ಟೆ ಕಟ್ಟಿದ್ದೆ. ಮೊದಲಿಂದಲೂ ಬಟ್ಟೆಯೇ. ಅವಳು ಮಧ್ಯಾಹ್ನದಿಂದ ಕೆಳಗೆ ಬಿದ್ದಿದ್ದಾಳೆ."

ಬೈದಿದ್ದರೆ ಚೆನ್ನಾಗಿತ್ತು. ಹುಡುಗ ಬೈಯಲಿಲ್ಲ. "ಈಗ್ಲೇ ಡಾಕ್ಟರನ್ನ ಕರ್ಕೊಂಡು ಬರ್ತೀನಿ ಭಾವ. ನಾಳೆ ಅಕ್ಕನ್ನ ಅಲ್ಲಿಗೆ ಸೇರಿಸೋಣ" ಅಂದು ಫೋನು ಇಟ್ಟ.

ಲಿಫ್ಟಣ್ಣ ತಲೆ ತಗ್ಗಿಸಿದ. ಈಗ ಅವಳು ಮುಖ ತಿರುಗಿಸುತ್ತಾಳೆ, ಇರುವ ಒಂದು ಕೈಯಿಂದ ತನ್ನನ್ನು ದೂಡುತ್ತಾಳೆ ಎಂದು ಕಾದ. ದೂಡಲಿ, ತನಗೆ ಅದೇ ಆಗಬೇಕು ಅಂದುಕೊಂಡ. ಅವಳು ದೂಡಲಿಲ್ಲ. ತುಟಿ ಆಡಿತು, ಮಾತು ಸಿಗಲಿಲ್ಲ, ಮತ್ತೆ ಆಡಿತು.

"ನೀವು..." ಅಂದಳು. ಉಸಿರು ತೆಗೆದುಕೊಂಡಳು. "ಒಬ್ರೇ... ಹೇಗೆ?"

ಇಷ್ಟು ದಿನ ಅವಳು ಇಲ್ಲೇ, ಇಲ್ಲೇ ಎಂದು ಹಟ ಹಿಡಿದದ್ದು ಯಾರಿಗಾಗಿ ಎಂದು ಅವನಿಗೆ ಆಗ ಅರ್ಥವಾಯಿತು. ಕೈ ಚಾಚಿ ಫ್ಯಾನಿನ ವೈರನ್ನು ಎಳೆದು ಕಿತ್ತ. ಹಾರಾಡುತ್ತಿದ್ದ ಬಟ್ಟೆ ಜೋತುಬಿತ್ತು.