ನಿಂಗಮ್ಮನ ಮೂರು ಮೊಳ

ನಿಂಗಮ್ಮನಿಂದ ಉತ್ತರ ಬೇಕೆಂದರೆ ಗುಂಡುಸೂಜಿಗಳು ಮುಗಿಯುವವರೆಗೆ ಕಾಯಬೇಕಿತ್ತು. ತುಟಿಗಳ ನಡುವೆ ಐದಾರು ಸೂಜಿ ಕಚ್ಚಿಕೊಂಡೇ ಅವರು ಬಟ್ಟೆ ಹೊಲಿಯುತ್ತಿದ್ದರು. ಮಾತನಾಡಬೇಕೆನಿಸಿದಾಗ ಒಂದೊಂದಾಗಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಳ್ಳುತ್ತಿದ್ದರು. ಬೈಗುಳ ದೊಡ್ಡದಿದ್ದಷ್ಟೂ ಆ ಕೆಲಸ ನಿಧಾನ. ಹೊಳೆನರಸೀಪುರದ ಬಸ್ ನಿಲ್ದಾಣದ ಹಿಂದಿನ ಆ ಪುಟ್ಟ ಅಂಗಡಿಯಲ್ಲಿ, ವಿಜ್ಞಾನದ ಮೇಷ್ಟ್ರಾದ ನಾನು ತೆಪ್ಪಗೆ ಸೂಜಿ ಎಣಿಸುತ್ತ ನಿಂತದ್ದುಂಟು.

ಮೊದಲ ಸಲ ಹೋದದ್ದು ರಾಕೆಟ್ ಹಿಡಿದುಕೊಂಡು. ನಮ್ಮ ಪ್ರೌಢಶಾಲೆಯ ಎಂಟು ಹುಡುಗಿಯರು ರಟ್ಟಿನ ಕೊಳವೆಯಲ್ಲಿ ಮಾಡಿದ ರಾಕೆಟ್ ಅದು. ಮೇಲೇರಿದ ಮೇಲೆ ಒಳಗಿನ ಚಿಟಿಕೆ ಮದ್ದು ಸಿಡಿದು, ಮೂತಿ ಕಳಚಿ, ಪ್ಯಾರಾಚೂಟು ಹೊರಬರಬೇಕು. ಮೂತಿ ಕೈತಪ್ಪಿ ಹೋಗದಂತೆ ಅದನ್ನು ಕೊಳವೆಗೆ ಒಂದು ಎಲಾಸ್ಟಿಕ್ಕಿನಿಂದ ಕಟ್ಟಿರುತ್ತಾರೆ; ಅದಕ್ಕೆ ಶಾಕ್ ಕಾರ್ಡ್ ಎಂದು ಹೆಸರು. ನಾನು ಕಟ್ಟಿದ್ದು ಎರಡು ಸಲವೂ ಪಟ್ಟನೆ ಹರಿಯಿತು. ಪ್ಯಾರಾಚೂಟು ಬರೀ ಮೂತಿಯನ್ನು ಹೊತ್ತು ಗದ್ದೆಯತ್ತ ತೇಲಿಹೋಯಿತು, ಕೊಳವೆ ನೆಲಕ್ಕೆ ಬಿದ್ದು ಮುರಿಯಿತು. ಇನ್ನೊಮ್ಮೆ ಹೀಗಾದರೆ ಹಾಸನದ ವಿಜ್ಞಾನ ಪ್ರದರ್ಶನವೂ ಇಲ್ಲ, ರಾಕೆಟ್ ಬಳಗವೂ ಇಲ್ಲ ಎಂದು ಹೆಡ್‌ಮಾಸ್ಟರು ಹೇಳಿಬಿಟ್ಟರು. ಹುಡುಗಿಯರ ಮುಖ ನೋಡಲಾಗುತ್ತಿರಲಿಲ್ಲ.

“ಇದಕ್ಕಿಂತ ದಪ್ಪನೆಯ ಎಲಾಸ್ಟಿಕ್ ಕೊಡಿ,” ಎಂದೆ. ನಿಂಗಮ್ಮ ನನ್ನ ಗೇಣುದ್ದದ ತುಂಡನ್ನು ಎಳೆದು ನೋಡಿದರು. ಸೂಜಿಗಳು ಹೊರಬರತೊಡಗಿದವು. ಐದಕ್ಕೆ ಐದೂ.

“ಎಳ್ಗರನ ಗೇಣ್ ಅಗ್ಗದಲ್ಲಿ ಕಟ್ಟೀರಾ ಮೇಷ್ಟ್ರೆ?” ದುದ್ದದ ಕಡೆಯ ಹೈನಿನ ಮನೆಯಲ್ಲಿ ಎಳೆಗರುಗಳಿಗೆ ಹಗ್ಗ ಕಟ್ಟುತ್ತಲೇ ಬೆಳೆದವರು ಅವರು. “ಎಗರಿದ್ ಏಟ್ಗೆ ಅಗ್ಗ ಕಿತ್ತೋಯ್ತದೆ, ಇಲ್ದಿದ್ರೆ ಕತ್ತು ಉಳುಕ್ತದೆ. ದಪ್ಪ ಬ್ಯಾಡ ಕಣ್ರೀ, ಉದ್ದ ಬುಡಿ. ಎಗರಾಡಿ ಸುಸ್ತಾಗಿ ತಾನೇ ನಿಂತ್ಕತದೆ.”

ನಿಲ್ಲುವ ದೂರ ಹೆಚ್ಚಿದಷ್ಟೂ ಜಗ್ಗು ಕಡಿಮೆ: ಇದನ್ನೇ ನಾನು ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ ಸೂತ್ರ ಮಾಡಿ ಬರೆದಿದ್ದೆ. ನಾಚಿಕೆಯಾಯಿತು. ಎಷ್ಟು ಸೆಂಟಿಮೀಟರ್ ಎಂದು ಮಾತ್ರ ಕೇಳಿದೆ.

“ನನ್ ಮೊಳದಲ್ಲಿ ಮೂರು,” ಎಂದು ಮೊಣಕೈಯಿಂದ ಬೆರಳ ತುದಿಗೆ ಅಳೆದು ಕತ್ತರಿಸಿದರು. ಟೇಪು ಅವರ ಕತ್ತಿನಲ್ಲೇ ನೇತಾಡುತ್ತಿತ್ತು. ಆಮೇಲೆ ಪ್ಯಾರಾಚೂಟಿನ ತೆಳು ಪ್ಲಾಸ್ಟಿಕ್ಕಿಗೆ ಮುಖದ ಪೌಡರು ಉದುರಿಸಿ ಮಡಚಿದರು. “ಬ್ಯಾಸ್ಗೆಲಿ ಮೈಗೆ ಬಟ್ಟೆ ಅಂಟ್ಕಳಲ್ವಾ, ಇದೂ ಅಂಗೇಯ.”

ಶನಿವಾರ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಅವರೂ ಬಂದರು, ಸೂಜಿ ಕಚ್ಚಿಕೊಂಡೇ. ರಾಕೆಟ್ ಏರಿತು. ಮೇಲೆ ಸಣ್ಣದೊಂದು ಸದ್ದು. ಮೂತಿ ಚಿಮ್ಮಿತು, ಎಲಾಸ್ಟಿಕ್ ಹಿಗ್ಗಿತು, ಹಿಡಿಯಿತು. ಕೆಂಪು ಪ್ಯಾರಾಚೂಟು ಬಿಚ್ಚಿಕೊಂಡಿತು. ಮೂತಿ, ಕೊಳವೆ ಎರಡೂ ತೂಗಾಡುತ್ತ ಒಟ್ಟಿಗೆ ಇಳಿದವು. ಹೆಡ್‌ಮಾಸ್ಟರು ಹಾಸನದ ಅರ್ಜಿಗೆ ಅಲ್ಲೇ ಸಹಿ ಹಾಕಿದರು, ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು. ನಿಂಗಮ್ಮ ಸೂಜಿ ತೆಗೆಯಲೇ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಅಂಗಡಿಗೆ ನಡೆದರು.

ಆಮೇಲಿನ ರಾಕೆಟ್ಟುಗಳಿಗೆಲ್ಲ ಅವರೇ ಎಲಾಸ್ಟಿಕ್ ಕತ್ತರಿಸಿಕೊಟ್ಟರು. ಕೊನೆಗೆ ಕಣ್ಣು ಮಂಜಾಗಿ, ಅಂಗಡಿ ಮುಚ್ಚಿ ಚನ್ನರಾಯಪಟ್ಟಣದ ಮಗಳ ಮನೆಗೆ ಹೋದರು. ಆ ವರ್ಷ ಹುಡುಗಿಯರಲ್ಲಿ ಜಗಳ: ಮೂರು ಮೊಳವೇನೋ ಸರಿ, ಮೊಳ ಯಾರದು? ಪ್ರತಿಯೊಬ್ಬಳ ಕೈಯೂ ಒಂದೊಂದು ಉದ್ದ. ನಾನು ಟೇಪು ಹಿಡಿದು ಚನ್ನರಾಯಪಟ್ಟಣದ ಬಸ್ ಹತ್ತಿದೆ.

“ಅಳ್ತೆ ತಗಳೋದು ನನ್ ಕೆಲ್ಸ ಅಲ್ವಾ ಮೇಷ್ಟ್ರೆ,” ಎಂದು ನಕ್ಕು ಕೈ ಚಾಚಿದರು. ತುಟಿಯಲ್ಲಿ ಸೂಜಿಗಳಿರಲಿಲ್ಲ. ಮಾತು ತಡವಿಲ್ಲದೆ ಬಂತು. ಅದೇ ನನಗೆ ಸಂಕಟವಾಯಿತು. ಅಳೆದು ಬರೆದುಕೊಂಡೆ. ಹೊರಡುವಾಗ, “ಯೋಳಿ ಮಕ್ಳಿಗೆ, ಗಿಡ್ಡ ಮಾತ್ರ ಕಟ್ಬ್ಯಾಡಿ ಅಂತ,” ಎಂದರು. ಮತ್ತೆ ಅವರನ್ನು ನೋಡಲಾಗಲಿಲ್ಲ.

ನಮ್ಮ ಲ್ಯಾಬಿನ ಗೋಡೆಯ ಮೇಲೆ ಈಗ ಎರಡು ಗೆರೆಗಳಿವೆ, ನಡುವೆ ‘ನಿಂಗಮ್ಮನ ಮೊಳ’ ಎಂದು ಬರೆದಿದೆ. ಅವರನ್ನು ಕಾಣದ ಹುಡುಗಿಯರು ಅಲ್ಲಿ ಎಲಾಸ್ಟಿಕ್ ಹಿಡಿದು ಒಂದು, ಎರಡು, ಮೂರು ಎನ್ನುತ್ತಾರೆ. ಹೋದ ವಾರ ಅರಕಲಗೂಡಿನ ಶಾಲೆಯೊಂದರ ಮಕ್ಕಳು ಬಂದು, ಆ ಗೆರೆಗಳಿಗೆ ದಾರ ಹಿಡಿದು ನಿಂಗಮ್ಮನ ಮೊಳವನ್ನು ತಮ್ಮೂರಿಗೂ ಕೊಂಡೊಯ್ದರು.