ಬುರುಲ್ಕಾನಳ ಮೂರು ಬ್ರೇಕುಗಳು

ಬುರುಲ್ಕಾನ್ ನಮ್ಮ ಮೇಲೂರಿನ ನರ್ಸು. ಇಪ್ಪತ್ತಾರು ವರ್ಷ ಒಂದೇ ಸೈಕಲ್ಲಿನಲ್ಲಿ ಬೆಟ್ಟ ಇಳಿದು, ಹೊಳೆಯಾಚೆಯ ಕುರುಬರ ಮನೆಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಚುಚ್ಚಿ ಬಂದವಳು. ಸೋವಿಯತ್ ಕಾಲದ ಸೈಕಲ್ಲು ಅದು. ಕೈಬ್ರೇಕೇ ಇರಲಿಲ್ಲ, ನಿಲ್ಲಬೇಕೆಂದರೆ ಪೆಡಲನ್ನು ಹಿಂದಕ್ಕೆ ತುಳಿಯಬೇಕು. ಈ ವಸಂತದಲ್ಲಿ ಅದರ ಚೌಕಟ್ಟು ಎರಡು ತುಂಡಾಯಿತು.

ಪಟ್ಟಣದ ದೊಡ್ಡ ಡಾಕ್ಟರು ಬೆಟ್ಟ ಹತ್ತುವ ಸೈಕಲ್ಲು ಮೂರು ಕಳಿಸಿ ಫೋನು ಮಾಡಿದರು. "ಒಂದನ್ನ ಇಟ್ಕೊಂಡು ಉಳಿದೆರಡನ್ನ ಶುಕ್ರವಾರ ವಾಪಸ್ ಕಳಿಸಿ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿಬಿಡಿ, ಹೊಳೆಯಾಚೆ ಮನೆಗಳನ್ನ ಕಾರಿರೋ ಇನ್ನೊಬ್ಬ ನರ್ಸ್ ಹುಡುಗಿಗೆ ಕೊಡ್ತೀನಿ."

ಆ ಮನೆಗಳ ಮಕ್ಕಳಲ್ಲಿ ಅರ್ಧಕ್ಕರ್ಧ ಹುಟ್ಟುತ್ತಲೇ ಇವಳ ಅಂಗೈಗೇ ಬಿದ್ದು ಅತ್ತಿದ್ದವು. ಇನ್ನೊಬ್ಬಳಿಗೆ ಹೇಗೆ ಕೊಟ್ಟಾಳು?

ತೊಡಕೆಂದರೆ, ಮೂರು ಸೈಕಲ್ಲಿಗೂ ಮೂರು ಬಗೆಯ ಬ್ರೇಕು. ರಿಪೇರಿ ಮಾಡುವ ಮೈದುನನನ್ನು ಕರೆದಳು. ಊರಿಗೆ ಅವನು ಜೋಲ್ಚು. ಗಂಡನ ಕಡೆಯವರ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದಲ್ಲ, ಹಾಗಾಗಿ ಅವಳಿಗೆ ಅವನು ಎಣ್ಣೆಕೈ.

"ನೋಡಿ ಅತ್ತಿಗೆ, ಇದರಲ್ಲಿ ರಬ್ಬರ್ ತುಂಡು ರಿಮ್ಮನ್ನ ಕಚ್ಚುತ್ತೆ. ಇದರಲ್ಲಿ ಗಾಲಿ ನಡುವೆ ಉಕ್ಕಿನ ತಟ್ಟೆ, ತಂತಿ ಎಳೆದ್ರೆ ಎರಡು ಬಿಲ್ಲೆ ಹಲ್ಲಿನ ಹಾಗೆ ಅದನ್ನ ಕಚ್ಚುತ್ತೆ. ಮೂರನೇದಕ್ಕೂ ತಟ್ಟೆನೇ, ತಂತಿ ಬದಲು ಕೊಳವೇಲಿ ಎಣ್ಣೆ."

"ಎಣ್ಣೆ ಇದ್ರೆ ಜಾರಲ್ವೇನೋ?"

"ಒಳಗಿದ್ರೆ ನಿಲ್ಲಿಸುತ್ತೆ, ಹೊರಗೆ ಬಂದ್ರೆ ಜಾರಿಸುತ್ತೆ."

"ನಿನ್ನ ಮಾತೂ ಹಾಗೇ. ಒಳಗಿರೋ ತನಕ ಚೆನ್ನ."

ಸೋಮವಾರ ರಬ್ಬರಿನದನ್ನು ಹತ್ತಿದಳು. ಒಣನೆಲದಲ್ಲಿ ಹೇಳಿದಂತೆ ಕೇಳಿತು. ತೊರೆ ದಾಟಿ ಇಳಿಜಾರಿಗೆ ಬಿದ್ದಾಗ ಒದ್ದೆ ರಬ್ಬರು ರಿಮ್ಮನ್ನು ನೆಕ್ಕಿತೇ ಹೊರತು ಕಚ್ಚಲಿಲ್ಲ. ಗಾಬರಿಯಲ್ಲಿ ಕಾಲು ಹಳೇ ರೂಢಿಯಂತೆ ಹಿಂದಕ್ಕೆ ತುಳಿಯಿತು, ಪೆಡಲು ಗಾಳಿಯಲ್ಲಿ ಗಿರಗಿರ ತಿರುಗಿತು. ಮುಳ್ಳುಪೊದೆ ಅವಳನ್ನು ಹಿಡಿದುಕೊಂಡಿತು.

"ಒದ್ದೆ ಆದ್ರೆ ಅದು ಹಾಗೇ. ಬ್ರೇಕನ್ನ ಹಗುರಾಗಿ ಹಿಡಿದು ಮೊದಲು ಒಣಗಿಸ್ಕೋಬೇಕು," ಅಂದ ಜೋಲ್ಚು.

"ಬೆಟ್ಟದಿಂದ ಬೀಳ್ತಾ ಬಟ್ಟೆ ಒಣಗಿಸ್ಲಾ?"

ಮಂಗಳವಾರ ಎಣ್ಣೆಯದು. ಒಂದು ಬೆರಳು ಸಾಕೆಂದು ಮೈದುನ ಹೇಳಿದ್ದ. ಇವಳು ಕುದುರೆಯ ಲಗಾಮೆಂಬಂತೆ ಮುಷ್ಟಿಯಲ್ಲಿ ಜಗ್ಗಿದಳು. ಸೈಕಲ್ಲು ನಿಂತಿತು, ಅವಳು ಮುಂದೆ ಹೋದಳು. ಮೊಣಕೈ ಒರೆಸಿಕೊಳ್ಳುತ್ತ ಕೇಳಿದಳು, "ಇದು ಕೆಟ್ರೆ ನೀನು ಸರಿಮಾಡ್ತೀಯಾ?"

"ಕೊಳವೆಗೆ ಗಾಳಿ ಹೊಕ್ಕರೆ ತೆಗೆಯೋ ಸಾಮಾನು ನನ್ನ ಹತ್ರ ಇಲ್ಲ."

ಬುಧವಾರ ತಂತಿಯದು. ಒದ್ದೆಯಲ್ಲೂ ನಿಂತಿತು, ಮೆಲ್ಲಗೂ ನಿಂತಿತು. ಆದರೆ ಹಿಡಿದಾಗಲೆಲ್ಲ ಕೊಯ್ಯುವಾಗಿನ ಮೇಕೆಯಂತೆ ಕಿರುಚಿತು. ದಾರಿಬದಿಯ ಸಾದಿರ್ ಮುದುಕನ ಹೆಣ್ಣುಕುದುರೆ ಗೂಟ ಕಿತ್ತುಕೊಂಡು ಓಡಿತು. ಅವಳಿಗೆ ನಾಚಿಕೆಯಾಯಿತು. ನಮ್ಮಲ್ಲಿ ಬಾಗಿಲು ಕಿರುಗುಟ್ಟಿದರೂ ಕೂಸು ಕೆಮ್ಮಿದರೂ ಮದ್ದು ಒಂದೇ, ಕುರಿಬಾಲದ ಕೊಬ್ಬು. ಹೊರಗೆ ಬಂದರೆ ಜಾರಿಸುತ್ತೆ ಅಂದದ್ದು ಎಣ್ಣೆಗೆ ತಾನೇ, ಕೊಬ್ಬು ಎಣ್ಣೆಯಲ್ಲವಲ್ಲ ಅಂದುಕೊಂಡು, ಮೈದುನನಿಗೆ ಹೇಳದೆ ತಟ್ಟೆಗೆ ದಪ್ಪಗೆ ಸವರಿದಳು.

ಗುರುವಾರ ಬೆಳಿಗ್ಗೆ ಕಿರುಚಾಟ ನಿಂತಿತ್ತು. ಸೈಕಲ್ಲು ಮಾತ್ರ ನಿಲ್ಲಲಿಲ್ಲ. ನೆಟ್ಟಗೆ ಹೋಗಿ ಸಾದಿರನ ಬೆರಣಿ ರಾಶಿಗೆ ನುಗ್ಗಿತು.

"ಕುದುರೆ ಓಡಿಸಿದ್ದು ಸಾಲದೆ ನನ್ನ ಸೌದೆಗೂ ಬಂದೆಯಾ ಮಗಳೇ?" ಅಂದ ಮುದುಕ.

ಅವಳು ಬೆರಣಿಯ ನಡುವೆಯೇ ಕುಳಿತಳು. ನಿನ್ನೆ ನಿಂತದ್ದು ಇಂದೇಕೆ ನಿಲ್ಲದು? ಎತ್ತು ಏರಿಗೆ, ಕೋಣ ನೀರಿಗೆ ಅಂತಾರಲ್ಲ, ಇಲ್ಲಿ ಮೂರು ಬ್ರೇಕು ಮೂರು ಕಡೆಗೆ ಎಳೆದವು. ನಾಳೆ ಶುಕ್ರವಾರ. ಆಗದು ಎಂದು ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸತೊಡಗಿದಳು.

ಜೋಲ್ಚು ಬಂದು ತಟ್ಟೆ ಮೂಸಿ ನೋಡಿದ. "ಅತ್ತಿಗೆ, ಬ್ರೇಕಿಗೆ ಕೆಮ್ಮು ಬಂದಿತ್ತಾ?"

"ಕಿರುಚ್ತಿತ್ತು ಕಣೋ."

"ಕಿರುಚಲಿ ಬಿಡಿ. ಕಚ್ಚಬೇಕಾದ ಹಲ್ಲಿಗೇ ಕೊಬ್ಬು ಮೆತ್ತಿದ್ರೆ ಏನನ್ನ ಕಚ್ಚೀತು?"

ಆಸ್ಪತ್ರೆಯ ಸ್ಪಿರಿಟ್ಟಿನಿಂದ ತಟ್ಟೆ ತೊಳೆದ, ಕೊಬ್ಬು ಕುಡಿದ ಹಲ್ಲುಗಳನ್ನು ಎಸೆದು ಸೈಕಲ್ಲಿನೊಡನೆ ಬಂದಿದ್ದ ಪೆಟ್ಟಿಗೆಯಿಂದ ಹೊಸ ಜೊತೆ ತೆಗೆದು ಕೂರಿಸಿದ. ಪಕ್ಕದಲ್ಲಿ ಕೂತು ಅವಳು ಒಂದೊಂದು ತಿರುಪನ್ನೂ ಕಣ್ಣಿಟ್ಟು ನೋಡಿದಳು. ಆಮೇಲೆ ಬಿಚ್ಚಿಸಿ, ತಾನೇ ಮತ್ತೆ ಕೂರಿಸಿದಳು.

ಶುಕ್ರವಾರ ಫೋನಿನಲ್ಲಿ ಡಾಕ್ಟರಿಗೆ "ತಂತಿಯದು" ಅಂದಳು.

"ಎಣ್ಣೆಯದು ಎಲ್ಲಕ್ಕಿಂತ ಒಳ್ಳೇದು ಅಂತಾರಲ್ಲ?"

"ಇರಬಹುದು ಡಾಕ್ಟ್ರೇ. ಯಾವುದು ಒಳ್ಳೇದು ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಇದು ಯಾಕೆ ಕೆಡುತ್ತೆ ಅನ್ನೋದು ತಿಳೀತು. ಇಳಿಯೋಕೆ ಅಷ್ಟು ಸಾಕು."

ಅಂದೇ ಆ ಸೈಕಲ್ಲಿಗೆ ಲಸಿಕೆಯ ಡಬ್ಬಿ ಕಟ್ಟಿಕೊಂಡು, ಬೆಟ್ಟ ಇಳಿದು ಹೊಳೆ ದಾಟಿದಳು. ಮೊದಲ ಮನೆಯ ಮೂರು ತಿಂಗಳ ಹೆಣ್ಣುಕೂಸು ಸೂಜಿಗೆ ಅತ್ತು ಕೆಂಪಾಯಿತು. ತಾಯಿ ಬೆಣ್ಣೆ ಹಚ್ಚಿದ ರೊಟ್ಟಿಯೊಡನೆ ಹಾಲು ಬೆರೆಸಿದ ಚಹಾ ಇಟ್ಟಳು. ಎರಡು ಬಟ್ಟಲು ಕುಡಿದು ಬುರುಲ್ಕಾನ್ ಮುಂದಿನ ಮನೆಗೆ ಹೊರಟಳು.