ಸಂಡಿಗೆ ಕಾಯುವ ನೆಪ

ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ ಒಣಗಿದಷ್ಟು ಸಂಡಿಗೆ ಈ ತಮಿಳು ಊರಿನ ಬೇರೆ ಯಾರ ಮನೆಯಲ್ಲೂ ಒಣಗಿರಲಿಕ್ಕಿಲ್ಲ. ಮಳೆಗಾಲ ಬಿಟ್ಟರೆ ವರ್ಷವಿಡೀ ತಾರಸಿಯ ಮೇಲೆ ಹಳೇ ಪಂಚೆ, ಪಂಚೆಯ ತುಂಬ ಸಂಡಿಗೆ, ಪಕ್ಕದಲ್ಲಿ ಕಾಗೆ ಓಡಿಸಲು ಅಕ್ಕ. ಅಪ್ಪ ತ್ರಿಪ್ಲಿಕೇನಿನ ಉಡುಪಿ ಹೋಟೆಲೊಂದರಲ್ಲಿ ಅಡುಗೆಯವರು. ಸಂಡಿಗೆಯೆಲ್ಲ ಆ ಹೋಟೆಲಿಗೆ ಹೋಗುತ್ತದೆಂದು ನೆರೆಯವರು ತಿಳಿದಿದ್ದರು. ಹೋಗುತ್ತಿದ್ದದ್ದು ನಮ್ಮ ಹೊಟ್ಟೆಗೇ. ಸಂಡಿಗೆ ಕರಿದ ವಾಸನೆ ಬಂದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಅಕ್ಕ ಕಾಲೇಜು ಸೇರಿದ ವರ್ಷ ಅವಳ ಎಡಕೆನ್ನೆಯಲ್ಲಿ, ಕಣ್ಣಿನ ಕೆಳಗೆ, ಬಿಳಿ ಕಲೆಯೊಂದು ಕಾಣಿಸಿತು. ತೊನ್ನು. ಆ ಶಬ್ದವನ್ನು ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಯಾವುದೋ ಮದುವೆಮನೆಯಲ್ಲಿ ಯಾರೋ ಪುಣ್ಯಾತ್ಗಿತ್ತಿ ಅಮ್ಮನ ಕಿವಿಯಲ್ಲಿ ಊದಿದಳು: ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸಿದರೆ ಬಣ್ಣ ಮರಳುತ್ತದೆ. ನಾಟಿ ಮದ್ದಿನ ಅಂಗಡಿಯಿಂದ ಎಣ್ಣೆ ಬಂತು. ಆದರೆ ವಯಸ್ಸಿಗೆ ಬಂದ ಹುಡುಗಿ ದಿನವೂ ಸುಮ್ಮನೆ ಬಿಸಿಲಲ್ಲಿ ಕೂತರೆ ನಾಲ್ಕು ಜನ ಕೇಳುವುದಿಲ್ಲವೇ? ಅದಕ್ಕೆ ಸಂಡಿಗೆ. ಊರ ಬಾಯಿ ಮುಚ್ಚಲು ಅಮ್ಮ ಸೇರುಗಟ್ಟಲೆ ಅಕ್ಕಿ ಅರೆದಳು.

ಕಾಗೆಗಳು ಹೆದರಲೆಂದು ಸಂಡಿಗೆಯ ಪಕ್ಕದಲ್ಲಿ ಅಪ್ಪನ ಕರಿ ಕೊಡೆಯನ್ನು ಬಿಚ್ಚಿ ಇಡುತ್ತಿದ್ದೆವು. ನೀರು ಕೊಡಲು ಹೋದಾಗ ನಾನು ಆ ನೆರಳಿಗೆ ನುಸುಳುತ್ತಿದ್ದೆ. ಅಕ್ಕ ಒಮ್ಮೆ ನನ್ನ ಪಕ್ಕಕ್ಕೆ ಸರಿದಳು. ಅಮ್ಮ ಮೆಟ್ಟಿಲಿನಿಂದಲೇ ಕೂಗಿದಳು.

"ಏ, ನೆರಳಿಗೆ ಎಂತಕ್ಕೆ ಹೋದದ್ದು? ಎಣ್ಣೆ ಹಚ್ಚಿದ್ದು ದಂಡ ಅಲ್ವಾ? ಈಚೆ ಬಾ."

ಅಕ್ಕ ಎದ್ದು ಬಿಸಿಲಿಗೆ ಕೂತಳು. ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲು. ಕೆನ್ನೆ ಕೆಂಪಾಗುತ್ತಿತ್ತು, ಗುಳ್ಳೆ ಏಳುತ್ತಿತ್ತು, ಸಿಪ್ಪೆ ಸುಲಿಯುತ್ತಿತ್ತು. ಸುತ್ತ ಕಪ್ಪಾದದ್ದನ್ನು ನೋಡಿ ಅಮ್ಮ, "ಬಣ್ಣ ಬರ್ತಾ ಉಂಟು ಮಾರಾಯ್ತಿ" ಎಂದು ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದಳು. ವಾರ ಕಳೆದರೆ ಮತ್ತದೇ ಬಿಳಿ.

ನೋಡಲು ಬಂದ ಗಂಡುಗಳೆಲ್ಲ ಕಾಫಿ ಕುಡಿದು ಹೋದರು. ನನ್ನ ಮದುವೆಯಾಯಿತು, ಅಕ್ಕನದಾಗಲಿಲ್ಲ. ಅವಳು ಶಾಲೆಯಲ್ಲಿ ಗಣಿತದ ಟೀಚರಾದಳು. ಸಂಬಂಧ ಬರುವುದು ನಿಂತು ಎಷ್ಟೋ ವರ್ಷವಾದ ಮೇಲೂ ರಜೆ ಬಂತೆಂದರೆ ಎಣ್ಣೆ ಹಚ್ಚಿಕೊಂಡು ತಾರಸಿ ಹತ್ತುತ್ತಿದ್ದಳು. ಯಾಕೆಂದರೆ ಅಮ್ಮ ಸಾಕು ಅನ್ನಲಿಲ್ಲ. ಅಪ್ಪ ಹೋದರು, ಆಗಲೂ ಅನ್ನಲಿಲ್ಲ. ಅಯ್ಯೋ, ನಮ್ಮಲ್ಲಿ ಒಬ್ಬರಾದರೂ ಅನ್ನಬಾರದಿತ್ತೇ!

ಕಳೆದ ವರ್ಷ ಆ ಕಲೆಯ ಮೇಲೆ ಒಂದು ಹುಣ್ಣು ಎದ್ದಿತು. ಹೆಕ್ಕಳೆ ಕಟ್ಟುವುದು, ಮುಖ ತೊಳೆದಾಗ ರಕ್ತ ಒಸರುವುದು, ಮತ್ತೆ ಹೆಕ್ಕಳೆ. "ಗುಳ್ಳೆ ಒಡೆದದ್ದು, ಅರಸಿನ ಹಚ್ಚು" ಎಂದಳು ಅಮ್ಮ. ಚರ್ಮದ ಕ್ಯಾನ್ಸರ್ ಎಂದರೆ ಬಿಳಿಯರ ಕಾಯಿಲೆ, ನಮ್ಮ ಕಪ್ಪು ಮೈಗೆ ಬಿಸಿಲು ಏನು ಮಾಡೀತು ಎಂಬುದು ನಮ್ಮೆಲ್ಲರ ಜಾಣತನ. ಅಕ್ಕನ ಕೆನ್ನೆಯ ಆ ತುಂಡು ಕಪ್ಪಾಗಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಪತ್ತೆ ಹಚ್ಚಿದ್ದು ನನ್ನ ಮಗಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಪೆರಿಯಮ್ಮಾ, ಇದು ಎತ್ತನೆ ಮಾಸಮಾ ಇರುಕ್ಕು?" ಎಂದು ದೊಡ್ಡಮ್ಮನನ್ನು ಗದರಿಸಿ, ಎಷ್ಟು ತಿಂಗಳಿನಿಂದ ಇದೆಯೆಂದು ಬಾಯಿಬಿಡಿಸಿ, ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಚೂರು ತೆಗೆದು ಪರೀಕ್ಷಿಸಿದರು. ಕ್ಯಾನ್ಸರೇ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಬಿಸಿಲಿನ ಚಿಕಿತ್ಸೆಯೆಂಬುದು ಇರುವುದು ನಿಜ, ಆದರೆ ಅದು ವೈದ್ಯರ ಕಣ್ಣೆದುರು ಅಳತೆಯಲ್ಲಿ ನಡೆಯಬೇಕು, ಆ ಎಣ್ಣೆ ಹಚ್ಚಿದ ಮೇಲಂತೂ ಚರ್ಮ ಇನ್ನೂ ಬೇಗ ಸುಡುತ್ತದೆ, ಒಣಗದ ಹುಣ್ಣನ್ನು ಕೂಡಲೇ ತೋರಿಸಬೇಕಿತ್ತು ಎಂದರು. "ಬಿಳಿಯಾದ ಜಾಗಕ್ಕೆ ಬಿಸಿಲು ತಡೆಯುವ ಶಕ್ತಿ ಇರುವುದಿಲ್ಲ. ಕ್ರೀಮು, ಬಟ್ಟೆ, ಏನೂ ಇಲ್ಲದಿದ್ದರೆ ಒಂದು ಕೊಡೆಯಾದರೂ ಬೇಕಿತ್ತು" ಎಂದರು.

ಕೊಡೆ ಇತ್ತು. ಕಾಗೆಗಳಿಗೆ ಇತ್ತು.

ಕೆನ್ನೆಯ ಆ ಭಾಗ ಕತ್ತರಿಸಿ, ತೊಡೆಯ ಚರ್ಮ ತೆಗೆದು ಅಲ್ಲಿ ಹೊಲಿದರು. ಕುತ್ತಿಗೆಯ ಗಂಟಿಗೂ ಹರಡಿದೆಯೇ ಎಂಬ ವರದಿಗೆ ಕಾದೆವು. ಹರಡಿರಲಿಲ್ಲ. ಜೀವ ಉಳಿಯಿತು. ಆದರೆ ಕೆಳಗಿನ ರೆಪ್ಪೆ ಜಗ್ಗಿಕೊಂಡು, ನಿದ್ದೆಯಲ್ಲೂ ಅಕ್ಕನ ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಡುಗೆಯವರ ಮಕ್ಕಳಿಗೆ ಈ ಗಾದೆ ಬೇರೆ ಹೇಳಿಕೊಡಬೇಕಿತ್ತೇ?

ಮೊನ್ನೆ ಬ್ಯಾಂಡೇಜು ಬದಲಿಸಲು ಆಸ್ಪತ್ರೆಗೆ ಹೊರಟಿದ್ದೆವು. ಆಟೋ ಬಂದಿತ್ತು. ಗೋಡೆ ಹಿಡಿದು ನಡೆಯುವ ಅಮ್ಮ, ಎಲ್ಲಿಂದ ತೆಗೆದಳೋ, ಅದೇ ಕರಿ ಕೊಡೆಯನ್ನು ನಡುಮನೆಯಲ್ಲೇ ಬಿಚ್ಚಿ ಹಿಡಿದು ಬಂದಳು. ಮನೆಯೊಳಗೆ ಕೊಡೆ ಬಿಚ್ಚಿದರೆ ಅನಿಷ್ಟವೆಂದು ನಮ್ಮ ಬೆನ್ನಿಗೆ ಗುದ್ದಿದ ಅಮ್ಮ.

"ಬಿಸಿಲು ಉಂಟು ಮಗಾ, ಹಿಡ್ಕೊ. ಆ ಬಿಳಿ ಒಂದು ಹೋಗ್ಲಿ ಅಂತ ನಾನು..." ಅಮ್ಮ ಕೊಡೆಯನ್ನು ಅಕ್ಕನತ್ತ ಚಾಚಿದಳು.

ಅಕ್ಕ ಚಪ್ಪಲಿ ಮೆಟ್ಟುತ್ತಿದ್ದಳು. ಸಿಟ್ಟಿಲ್ಲದೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ ಹೇಳಿದಳು.

"ಅಮ್ಮ, ಆ ಬಿಳಿ ನಂಗೆ ಒಂದು ದಿನವೂ ನೋಯ್ಲಿಲ್ಲ."

ಹೊರಗೆ ಆಟೋದವನು ಹಾರ್ನ್ ಹೊಡೆದ. ಅಮ್ಮ ಕೊಡೆ ಹಿಡಿದು ಅಲ್ಲೇ ನಿಂತಿದ್ದಳು.